ಕೊಡವಿ ಸ್ವಾಮಿ, ಕೊಡವಿ!

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ? ನಾನು ಚೆನ್ನಾಗಿಲ್ಲ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಗುರು, ಬಟ್ಟೆ ಒಣಗಿಸೋದು ಹೇಳ್ಕೊಡೋಕೂ ಒಂದು ಚಾನೆಲ್ಲಾ? ಬೀದಿ ಕೊನೇಲಿ ಇಸ್ತ್ರಿ ಗಾಡಿ ಇದೆ, ಕೊಟ್ಟು ಬಾ." ಅದಕ್ಕೆ 43 ಲೈಕು. ಆ ವಿಡಿಯೋಗೇ ಅಷ್ಟು ಬಂದಿಲ್ಲ ಕಣ್ರೀ.

ಸರಿ, ಇವತ್ತು ಇದೊಂದೇ ವಿಷಯ. ಬಟ್ಟೆಗೆ ಸುಕ್ಕು ಬೀಳುವುದು ಹಗ್ಗದ ಮೇಲೆ. ಮುದ್ದೆಯಾಗಿ ಒಣಗಿದ ಬಟ್ಟೆ ಮುದ್ದೆಯಾಗಿಯೇ ಇರುತ್ತದೆ. ಒದ್ದೆ ಇರುವಾಗ ನಾಲ್ಕು ಸಲ ಕೊಡವಿ ಹಾಕಿದರೆ ಇಸ್ತ್ರಿ ಕೆಲಸ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ನನ್ನ ವಾದ ಇಷ್ಟೇ. ಇನ್ನುಳಿದ ಹೊತ್ತೆಲ್ಲ ಇದನ್ನೇ ಇನ್ನೂ ಜೋರಾಗಿ ಹೇಳುತ್ತೇನೆ, ಕೂತಿರಿ.

ನಾನು ಬೆಳೆದದ್ದು ಬೆಂಗಳೂರಿನ ಹನುಮಂತನಗರದಲ್ಲಿ. ಬೆಳಿಗ್ಗೆ ಆರೂವರೆಗೆ ಟೆರೇಸಿನಿಂದ ಒಂದು ಸದ್ದು ಬರುತ್ತಿತ್ತು. ಫಟ್! ಅಮ್ಮ ಅಂಗಿ ಕೊಡವುವ ಸದ್ದು. ಅಕ್ಕಪಕ್ಕದ ಟೆರೇಸುಗಳಿಂದಲೂ ಫಟ್, ಫಟ್. ಅಲಾರಾಂ ಬೇಕಿರಲಿಲ್ಲ. ಇನ್ನು ಕಾಟನ್ ಸೀರೆ ದಿನ ಅಂದರೆ ನನಗೂ ಡ್ಯೂಟಿ. ಸೀರೆ ಅರ್ಧ ಒಣಗಿರುತ್ತಿತ್ತು, ಗಂಜಿ ಹಾಕಿ ಗರಿಗರಿ. ಆ ಕಡೆ ಎರಡು ಮೂಲೆ ಅಮ್ಮನ ಕೈಯಲ್ಲಿ, ಈ ಕಡೆ ಎರಡು ಮೂಲೆ ನನ್ನ ಕೈಯಲ್ಲಿ. "ಗಟ್ಟಿಯಾಗಿ ಹಿಡ್ಕೋ, ಎಳೆ" ಅನ್ನುತ್ತಿದ್ದಳು. ಅವಳು ಎಳೆದರೆ ನಾನು ಚಪ್ಪಲಿ ಸಮೇತ ಎರಡು ಹೆಜ್ಜೆ ಜಾರಿ ಹೋಗುತ್ತಿದ್ದೆ. ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಸವರಿ, ಮಡಿಸಿ, ಹಾಸಿಗೆ ಕೆಳಗೆ ಇಟ್ಟರೆ ಮುಗಿಯಿತು. ಮಾರನೇ ದಿನ ಆ ಸೀರೆ ನೋಡಿ "ಎಲ್ಲಿ ಇಸ್ತ್ರಿ ಮಾಡಿಸಿದ್ರಿ?" ಅಂತ ಪಕ್ಕದ ಮನೆಯವರು ಕೇಳುತ್ತಿದ್ದರು. ಅಪ್ಪನ ಪ್ಯಾಂಟಿಗೂ ಹಾಸಿಗೆಯೇ ಇಸ್ತ್ರಿ ಪೆಟ್ಟಿಗೆ. ಅದರ ಮೇಲೆ ಅಪ್ಪನೇ ಮಲಗುತ್ತಿದ್ದರು, ಎಕ್ಸ್‌ಟ್ರಾ ಪ್ರೆಶರ್.

ಇದು ಅಜ್ಜಿ ಕಾಲದ ಕಥೆ ಅಂತ ಮೂಗು ಮುರಿಯಬೇಡಿ, ಇದರಲ್ಲಿ ಸೈನ್ಸ್ ಇದೆ. ಹತ್ತಿ ಅಂದರೆ ಸೆಲ್ಯುಲೋಸ್, ಗಿಡದ ನಾರಿನ ವಸ್ತು. ಅದರ ಅಣುಗಳ ಉದ್ದುದ್ದ ಸರಪಳಿಗಳು ಹೈಡ್ರೋಜನ್ ಬಾಂಡ್‌ಗಳಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀರು ಒಳಗೆ ಹೋದರೆ ಆ ಹಿಡಿತ ಸಡಿಲವಾಗುತ್ತದೆ. ಒಣಗುವಾಗ ಬಟ್ಟೆ ಹೇಗೆ ಬಿದ್ದಿರುತ್ತದೋ ಹಾಗೇ ಮತ್ತೆ ಬಿಗಿಯುತ್ತದೆ. ಇಸ್ತ್ರಿಯವರು ತೂತು ಮುಚ್ಚಳದ ಬಾಟಲಿಯಿಂದ ನೀರು ಚಿಮುಕಿಸುತ್ತಾರಲ್ವಾ, ಯಾಕೆ ಅಂದುಕೊಂಡಿರಿ? ಬಿಗಿದದ್ದನ್ನು ಮತ್ತೆ ಸಡಿಲ ಮಾಡುವುದಕ್ಕೆ. ಅಂದರೆ ನೀವು ಪೂರ್ತಿ ಒಣಗಿಸಿದ ಬಟ್ಟೆಯನ್ನು ಅವರು ಪುನಃ ಒದ್ದೆ ಮಾಡುತ್ತಾರೆ, ಅದಕ್ಕೆ ನೀವು ದುಡ್ಡು ಕೊಡುತ್ತೀರಿ. ಮೊದಲೇ ಒದ್ದೆ ಇತ್ತಲ್ಲಪ್ಪಾ! ಆಗಲೇ ಕೊಡವಬಾರದಿತ್ತಾ?

ಮೆಷಿನ್ ವಿಷಯ ಬೇಗ ಹೇಳುತ್ತೇನೆ. ಡ್ರಮ್ಮಿಗೆ ಬಟ್ಟೆ ತುರುಕಬೇಡಿ, ಮೇಲೆ ಒಂದು ಅಂಗೈ ಜಾಗ ಬಿಡಿ. ಅಂಗಿಗೆ ನಿಮಿಷಕ್ಕೆ 1200 ಸುತ್ತಿನ ಸ್ಪಿನ್ ಬೇಡ, 600 ಸಾಕು. ನೀರು ಸ್ವಲ್ಪ ಜಾಸ್ತಿ ಉಳಿಯುತ್ತದೆ, ಉಳಿಯಲಿ. ಆ ನೀರಿನ ಭಾರವೇ ಬಟ್ಟೆಯನ್ನು ಕೆಳಗೆ ಎಳೆದು ನೇರ ಮಾಡುತ್ತದೆ. ಅಂಗಿಯನ್ನು ಹ್ಯಾಂಗರ್‌ಗೆ ಹಾಕಿ, ಕಾಲರ್ ಎಳೆಯಿರಿ, ಗುಂಡಿಪಟ್ಟಿಯನ್ನು ಎರಡು ಬೆರಳಲ್ಲಿ ಮೇಲಿಂದ ಕೆಳಗೆ ಒತ್ತಿಕೊಂಡು ಬನ್ನಿ. ಉಣ್ಣೆ ಸ್ವೆಟರ್ ಮಾತ್ರ ನೇತು ಹಾಕಬೇಡಿ, ಜೋಲುತ್ತದೆ. ಮತ್ತೆ ಬೀಪ್ ಅಂದ ತಕ್ಷಣ ತೆಗೆಯಿರಿ. ಒಂದು ರಾತ್ರಿ ನಾನು ಬೀಪ್ ಕೇಳಿಯೂ ಮಲಗಿದೆ. ಬೆಳಿಗ್ಗೆ ತೆಗೆದರೆ ಆರು ಅಂಗಿ ಸೇರಿ ಒಂದು ಹಗ್ಗ ಆಗಿತ್ತು, ಹಳೇ ಮೋರಿ ವಾಸನೆ ಬೇರೆ. ಆ ದಿನ ಆಫೀಸ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತಿದ್ದೆ. "ನೆಟ್‌ವರ್ಕ್ ಪ್ರಾಬ್ಲಂ" ಅಂದೆ. ಬಾಸ್ ಈ ವಿಡಿಯೋ ನೋಡುತ್ತಿದ್ದರೆ, ಸಾರಿ ಸರ್, ಸಬ್‌ಸ್ಕ್ರೈಬ್ ಮಾಡಿ.

ಈಗ ಬುದ್ಧಿವಂತರ ಸರದಿ. "ಗೃಹಜ್ಯೋತಿ ಇದೆ, ಕರೆಂಟು ಫ್ರೀ, ನಾನು ದಿನಾ ಇಸ್ತ್ರಿ ಮಾಡುತ್ತೇನೆ." ಮಾಡಿ ಸ್ವಾಮಿ. 1000 ವಾಟ್ ಪೆಟ್ಟಿಗೆ ಒಂದು ಗಂಟೆ ಉರಿದರೆ ಸುಮಾರು ಒಂದು ಯೂನಿಟ್ಟು. ತಿಂಗಳ ಮಿತಿ 200 ಯೂನಿಟ್ಟು, ಅದೂ ನಿಮ್ಮ ಹಳೇ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಅಷ್ಟಕ್ಕೇ. ಅದಿರಲಿ, ಕರೆಂಟು ಫ್ರೀ ಅಂತ ಭಾನುವಾರ ಮಧ್ಯಾಹ್ನ ಬೆವರು ಸುರಿಸಿಕೊಂಡು ಪೆಟ್ಟಿಗೆ ಹಿಡಿದು ನಿಲ್ಲುತ್ತೀರಲ್ಲ, ನಿಮ್ಮ ಸೊಂಟವೂ ಫ್ರೀನಾ?

ಇನ್ನೊಬ್ಬರು: "ಟೈಮ್ ಇಲ್ಲ." ಒಂದು ಅಂಗಿ ಕೊಡವಲು ಐದು ಸೆಕೆಂಡು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತ ಹೊತ್ತಿಗೆ ಇಡೀ ಅಪಾರ್ಟ್‌ಮೆಂಟಿನ ಬಟ್ಟೆ ಕೊಡವಬಹುದು.

"ಹಾಗಾದರೆ ಇಸ್ತ್ರಿ ಗಾಡಿಯವರು ಏನು ಮಾಡಬೇಕು?" ಅಬ್ಬಾ, ಏನು ಕರುಣೆ! ಅವರ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವವರೂ ನೀವೇ ಅಲ್ವಾ? ನಮ್ಮ ಬೀದಿಯಲ್ಲಿ ಹೊಂಗೆ ಮರದ ಕೆಳಗೆ ಗಾಡಿ ಇದೆ, ಇನ್ನೂ ಇದ್ದಿಲ ಪೆಟ್ಟಿಗೆ. ಅಮ್ಮನ ಮೈಸೂರು ಸಿಲ್ಕು, ನನ್ನ ಮದುವೆ ಮನೆ ಜುಬ್ಬ ಅಲ್ಲಿಗೇ ಹೋಗುತ್ತವೆ. ಅವರೇ ಹೇಳಿದ್ದು, "ನಿಮ್ ಬಟ್ಟೆ ಬೇಗ ಆಗುತ್ತೆ ಸಾರ್, ಕೆಲವರು ಹಿಂಡಿದ ಹಾಗೇ ಒಣಗಿಸಿ ತರ್ತಾರೆ." ಕೇಳಿಸಿತಾ? ಅವರೂ ನನ್ನ ಪಾರ್ಟಿ.

ಇನ್ನು ಕೆಲವರು 2024ರ ಸುದ್ದಿ ಹಿಡಿದು ಬರುತ್ತಾರೆ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್ ಕಡೆಯಿಂದ 'ರಿಂಕಲ್ಸ್ ಅಚ್ಛೇ ಹೈ', ಅಂದರೆ 'ಸುಕ್ಕು ಒಳ್ಳೆಯದೇ' ಅಂತ ಅಭಿಯಾನ ಬಂದಿತ್ತು. ಸೋಮವಾರ ಇಸ್ತ್ರಿ ಇಲ್ಲದ ಬಟ್ಟೆ ಹಾಕಿ, ಕರೆಂಟು ಉಳಿಸಿ ಅಂತ. ಒಳ್ಳೆಯದೇ. ಆದರೆ ಇಸ್ತ್ರಿ ಬಿಟ್ಟರೆ ಸುಕ್ಕು ಬರಲೇಬೇಕು ಅಂತ ಯಾರು ಹೇಳಿದರು? ನಮ್ಮ ಬೆಂಗಳೂರಿನ ವಿಮಾನ ಸಂಶೋಧನೆಯ ಎನ್‌ಎಎಲ್ ಕೂಡ ಸಿಎಸ್‌ಐಆರ್ ಲ್ಯಾಬೇ. ವಿಮಾನ ಮಾಡುವ ಬುದ್ಧಿ ಇರುವವರಿಗೆ ಅಂಗಿ ಕೊಡವುವುದು ಕಷ್ಟವಾ? ಕೊಡವಿ!

ಹಾಂ, "ರಿಂಕಲ್ ಫ್ರೀ ಅಂಗಿ ತಗೋ" ಅನ್ನುವವರು. ಹತ್ತಿಯ ಸರಪಳಿಗಳನ್ನು ಕೆಮಿಕಲ್ ಹಾಕಿ ಕಟ್ಟಿಹಾಕುವ ವಿದ್ಯೆ ಅದು. 1950ರ ದಶಕದಲ್ಲೇ ಅಮೆರಿಕದಲ್ಲಿ ರೂತ್ ಬೆನೆರಿಟೊ ಅದರ ಮೇಲೆ ಕೆಲಸ ಮಾಡಿದ್ದರು. ದೊಡ್ಡ ವಿಜ್ಞಾನಿ ಆಕೆ, ಕೈಮುಗಿಯುತ್ತೇನೆ. ಆದರೆ ಆ ಅಂಗಿಯನ್ನೂ ಮೆಷಿನ್ನಿಂದ ತೆಗೆದ ಮೇಲೆ ಏನು ಮಾಡಬೇಕು? ಹೇಳಿ ನೋಡೋಣ. ಕೊಡವಬೇಕು!

"ಮಳೆಗಾಲದಲ್ಲಿ?" ಕೊಡವಿ. ಫ್ಯಾನ್ ಕೆಳಗೆ ಹಾಕಿ. "ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿ ಕಂಬಿ ಮೇಲೆ ಹಾಕಬಾರದು ಅಂತ ರೂಲ್ಸು." ಒಳಗೆ ನಿಂತು ಕೊಡವಿ. "ಕೊಡವಿದರೆ ಪಕ್ಕದವರ ಮೇಲೆ ನೀರು ಹಾರುತ್ತೆ." ಹಾರಲಿ! ಅವರೂ ಎದ್ದು ಅವರ ಬಟ್ಟೆ ಕೊಡವಲಿ!

ನಮ್ಮ ಚಾನೆಲ್ಲಿನ ಟೀ ಶರ್ಟ್ ಬಂದಿದೆ ನೋಡಿ, ಎದೆ ಮೇಲೆ ದೊಡ್ಡದಾಗಿ 'ಕೊಡವಿ' ಅಂತ. ಲಿಂಕ್ ಕೆಳಗಿದೆ. ಕೊರಿಯರ್‌ನಲ್ಲಿ ಮುದುರಿಕೊಂಡೇ ಬರುತ್ತದೆ, ಅದಕ್ಕೆ ನನ್ನನ್ನು ಬೈಯಬೇಡಿ, ಒಂದು ಸಲ ನೆನೆಸಿ... ಏನೋ? ಏನು ಕೈ ತೋರಿಸ್ತಿದೀಯಾ? ನನ್ನ ಅಂಗಿನಾ? ಎಲ್ಲಿ ಸುಕ್ಕು? ಲೋ, ಇದು ಬ್ಯಾಕ್‌ಪ್ಯಾಕ್ ಪಟ್ಟಿಯದು, ಬೈಕಿನಲ್ಲಿ ಬಂದೆನಲ್ಲ. ಇದು ಲೆಕ್ಕಕ್ಕಿಲ್ಲ. ಇದನ್ನು ಎಡಿಟ್‌ನಲ್ಲಿ ತೆಗೆದುಬಿಡು. ತೆಗೆಯುತ್ತೀಯಾ ತಾನೇ?