ಗ್ಯಾಸ್ಕೆಟ್ ಹೋಯ್ತು, ಸರಿ. ಯಾಕೆ ಹೋಯ್ತು?

ನಮಸ್ಕಾರ. ಈ ಮೇಜಿನ ಮೇಲೆ ಕಾಣುತ್ತಿರುವುದು ನಮ್ಮ ಕಾರಿನ ಸಿಲಿಂಡರ್ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ. ಅದರ ಕೆಳಗೆ ಗ್ಯಾಸ್, ನೀರು, ಆಯಿಲ್ ಒಂದಕ್ಕೊಂದು ಸೇರದಂತೆ ಕೂರಿಸುವ ತೆಳು ಹಾಳೆಯೇ ಗ್ಯಾಸ್ಕೆಟ್. ಶೂಟ್ ಮಾಡಿದ್ದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ತಗೊಂಡು ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ರಿಪೇರಿಗೆ ಎಷ್ಟಾಯ್ತು ಅಂತ ಖಂಡಿತ ಹೇಳುತ್ತೇನೆ. ಆದರೆ ಹೆಡ್ ಬಿಚ್ಚುವ ಸ್ಥಿತಿ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಬೇಕು.

ಕಾರು ಕೊಂಡ ಮೇಲೆ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಅಂತ ತುಂಗೆಯ ದಿಕ್ಕಿನಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಟೆಂಪರೇಚರ್ ಮುಳ್ಳು ಒಂದು ದಿನವೂ ಅಲುಗಲಿಲ್ಲ. ತೊಂದರೆ ಗೊತ್ತಾದದ್ದು ಆಗುಂಬೆ ಘಾಟಿಯಲ್ಲಿ, ಸೋಮೇಶ್ವರದ ಕಡೆಯಿಂದ ಮೇಲೆ ಬರುವಾಗ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಫಸ್ಟ್ ಗೇರ್, ಸೆಕೆಂಡ್ ಗೇರ್, ಮತ್ತೆ ಫಸ್ಟ್. ಎಂಜಿನ್ ಜೋರಾಗಿ ದುಡಿಯುತ್ತೆ, ಗಾಡಿ ಮಾತ್ರ ನಿಧಾನ. ಎದುರಿನಿಂದ ನುಗ್ಗುವ ಗಾಳಿ ಇಲ್ಲ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್‌ಗೆ ಫ್ಯಾನ್ ಒಂದೇ ಗತಿ. ಕೂಲಿಂಗ್‌ನಲ್ಲಿ ಸಣ್ಣ ಕೊರತೆ ಇದ್ದರೆ ಸಮ ರಸ್ತೆಯಲ್ಲಿ ಅದು ಗೊತ್ತೇ ಆಗಲ್ಲ. ಘಾಟಿ ಹತ್ತುವಾಗ ಹೊರಗೆ ಬರುತ್ತೆ. ನಮ್ಮ ಕಡೆ ಹಳೆ ಕಾರು ಕೊಳ್ಳುವವರು ಒಂದು ಘಾಟಿ ಹತ್ತಿಸಿಯೇ ನೋಡಬೇಕು. ಪೇಟೆಯೊಳಗಿನ ಎರಡು ಸುತ್ತು ಸಾಲದು.

ಮುಳ್ಳು ಕೆಂಪಿನ ಕಡೆ ಹೊರಟ ಕೂಡಲೇ ಅಗಲ ಜಾಗ ನೋಡಿ ಗಾಡಿ ನಿಲ್ಲಿಸಿ ಆಫ್ ಮಾಡಿದೆವು. ಅಮ್ಮ ಬಾಟಲಿ ನೀರು ಹಿಡಿದು ಇಳಿದರು. ಅವರನ್ನು ತಡೆಯಬೇಕಾಯಿತು. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ಮುಟ್ಟಲೇಬಾರದು. ಒಳಗೆ ಕುಕ್ಕರಿನ ಹಾಗೆ ಒತ್ತಡ ಇರುತ್ತೆ, ಕುದಿಯುವ ನೀರು ಮುಖಕ್ಕೇ ಹಾರುತ್ತೆ. ಇನ್ನೊಂದು ವಿಷಯ. ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿತ್ತು ಅಂತ ಹೊರಟುಬಿಡಬೇಡಿ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್‌ಗೆ ತಾಗಲು ಏನೂ ಇರುವುದಿಲ್ಲ. ಒಳಗೆ ಸುಡುತ್ತಿದ್ದರೂ ಮುಳ್ಳು ಕೆಳಗೇ ತೋರಿಸಬಹುದು.

ನಾವು ಕಾರನ್ನು ಮೊದಲು ಒಯ್ದ ಗ್ಯಾರೇಜಿನಲ್ಲಿ ಆಯಿಲ್ ಕ್ಯಾಪ್ ತೆಗೆದು ನೋಡಿದರು. ಅದರ ಒಳಗೆ ಬಿಳಿ ನೊರೆ ಇತ್ತು. "ಎಂಜಿನ್ ಇಳಿಸ್ಬೇಕು ಮೇಡಂ, 80 ಸಾವಿರ ಇಟ್ಕೊಳ್ಳಿ" ಅಂದರು. ಬೇರೆ ಯಾವ ಪರೀಕ್ಷೆಯೂ ಇಲ್ಲ. ಬರೀ ನೊರೆ ನೋಡಿ 80 ಸಾವಿರ. ನೀರು ಆಯಿಲ್‌ಗೆ ಸೇರಿದರೆ ಹಾಗೆ ನೊರೆ ಬರುವುದು ನಿಜ. ಆದರೆ ನಮ್ಮೂರಿನ ಥಂಡಿಯಲ್ಲಿ, ಗಾಡಿ ದಿನಾ ಸ್ವಲ್ಪ ದೂರ ಮಾತ್ರ ಓಡುತ್ತಿದ್ದರೆ, ಎಂಜಿನ್ನಿನೊಳಗಿನ ತೇವ ಹೋಗದೆ ಕ್ಯಾಪಿನ ಕೆಳಗೆ ತೆಳು ನೊರೆ ಕಟ್ಟುತ್ತೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್‌ನಿಂದ ಬರುವ ಬಿಳಿ ಹೊಗೆಯೂ ಹಾಗೆಯೇ, ಎಂಜಿನ್ ಬಿಸಿಯಾದ ಮೇಲೆ ನಿಂತರೆ ಅದು ಬರೀ ಆವಿ. ಡಿಪ್‌ಸ್ಟಿಕ್‌ನಲ್ಲಿ, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ, ಬರುವ ಆಯಿಲ್ ಕೂಡ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ, ಎಂಜಿನ್ ತಣ್ಣಗಿಡುವ ದ್ರವ, ಕೂಲೆಂಟ್, ಹೊರಗೆ ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ, ಆಗ ಹೆದರಬೇಕು.

ಎರಡನೇ ಗ್ಯಾರೇಜಿನ ಮೇಸ್ತ್ರಿಗೆ ವಯಸ್ಸಾಗಿದೆ, ಆತುರ ಇಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿದರು. ನೋಡಿ, ಗುಳ್ಳೆಗಳು ಬಿಡದೆ ಏಳುತ್ತಿವೆ. ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಗ್ಯಾಸ್ಕೆಟ್ ನಿಜವಾಗಿಯೂ ಹೋಗಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. "ನೋಡಮ್ಮ, ಗ್ಯಾಸ್ಕೆಟ್ ಹಾಕಿ ಕೊಡೋದು ಸುಲಭ. ಅದು ಯಾಕೆ ಹೋಯ್ತು ಅಂತ ನೋಡ್ದೆ ಹಾಕಿದ್ರೆ ಮತ್ತೆ ಹೋಗುತ್ತೆ" ಅಂದರು. ಈ ಮಾತಿಗಾಗಿಯೇ ನಾನು ಈ ವಿಡಿಯೋ ಮಾಡಿದ್ದು.

ರೇಡಿಯೇಟರ್‌ನಿಂದ ಇಳಿದ ನೀರು ತುಕ್ಕಿನ ಬಣ್ಣದ್ದು. ಹಿಂದೆ ಯಾರೋ ಕೂಲೆಂಟ್ ಬದಲು ಬರೀ ನೀರು ತುಂಬಿಸಿಕೊಂಡು ಓಡಿಸಿದ್ದಾರೆ. ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು ಥರ್ಮೋಸ್ಟಾಟ್. ಮೇಸ್ತ್ರಿ ಅದನ್ನು ಬಿಚ್ಚಿ, ಸ್ಟವ್ ಮೇಲೆ ಕುದಿಯುವ ನೀರಿಗೆ ಹಾಕಿದರು. ಪಕ್ಕದಲ್ಲಿ ಹೊಸದನ್ನೂ ಹಾಕಿದರು. ಹೊಸದು ಪೂರ್ತಿ ತೆರೆಯಿತು. ನಮ್ಮದು ಒಂದಿಷ್ಟು ಬಾಯಿ ಬಿಟ್ಟು ಅಲ್ಲೇ ಸಿಕ್ಕಿಕೊಂಡಿತು. ಅಷ್ಟು ಸಂದಿ ತೀರ್ಥಹಳ್ಳಿ ರಸ್ತೆಗೆ ಸಾಕು, ಆಗುಂಬೆಗೆ ಸಾಲದು. ನೀರು ರೇಡಿಯೇಟರ್‌ಗೆ ಹೋಗಲು ದಾರಿ ಸಾಕಾಗದೆ ಎಂಜಿನ್ ಕಾದಿದೆ. ಅಲ್ಯೂಮಿನಿಯಂ ಹೆಡ್ ಸ್ವಲ್ಪ ಬಾಗಿದೆ. ಗ್ಯಾಸ್ಕೆಟ್ ಬಿಟ್ಟಿದೆ. ಆ ಥರ್ಮೋಸ್ಟಾಟಿನ ಬೆಲೆ ಒಂದೂವರೆ ಸಾವಿರದ ಆಸುಪಾಸು!

ಹೆಡ್ಡನ್ನು ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸಿದೆವು, ಅಂದರೆ ಬಾಗಿದ ಮೈಯನ್ನು ಸಮ ಮಾಡಿಸಿದೆವು. ಗ್ಯಾಸ್ಕೆಟ್ ಸೆಟ್, ಹೊಸ ಹೆಡ್ ಬೋಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಆಯಿಲ್, ಫಿಲ್ಟರ್, ಕೂಲೆಂಟ್, ರೇಡಿಯೇಟರ್ ಕ್ಲೀನಿಂಗ್, ಲೇಬರ್ ಎಲ್ಲ ಸೇರಿ 34 ಸಾವಿರ ಆಯಿತು. ಬೋಲ್ಟ್ ಹಳೆಯದನ್ನೇ ಹಾಕಿದರೆ ಸ್ವಲ್ಪ ಉಳಿಯುತ್ತಿತ್ತು. ಆದರೆ ಈ ಎಂಜಿನ್ನಿನ ಬೋಲ್ಟ್‌ಗಳು ಒಮ್ಮೆ ಬಿಗಿದರೆ ಹಿಗ್ಗುವ ಜಾತಿಯವು, ಅಲ್ಲಿ ಉಳಿತಾಯ ಬೇಡ ಅಂತ ಮೇಸ್ತ್ರಿ ಹೇಳಿದ್ದು ಸರಿ. ಇನ್ಶೂರೆನ್ಸ್ ಬರಲ್ವಾ ಅಂತ ತುಂಬ ಜನ ಕೇಳಿದಿರಿ. ಬರಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಸವೆತ, ಮೆಕ್ಯಾನಿಕಲ್ ಕೆಟ್ಟುಹೋಗುವುದು ಸೇರುವುದಿಲ್ಲ. ಹಾಗಾಗಿ ಹಳೆ ಕಾರಿಗೆ ಅಂತ ಕೂಡಿಟ್ಟ ದುಡ್ಡನ್ನೆಲ್ಲ ಕೊಳ್ಳುವಾಗಲೇ ಕೊಟ್ಟುಬಿಡಬೇಡಿ.

ಈಗ ಸಾಗರದಲ್ಲಿ ನನ್ನ ತಮ್ಮ ಒಂದು ಗಾಡಿ ನೋಡಲು ಹೋಗುತ್ತಿದ್ದಾನೆ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಫೋನಿನಲ್ಲಿ ಹೇಳು ಅಂದಿದ್ದೇನೆ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಕೂಲೆಂಟ್ ಬಣ್ಣ, ಡಿಪ್‌ಸ್ಟಿಕ್, ಆಮೇಲೆ ಮೊದಲ ಸ್ಟಾರ್ಟ್. ಅದೆಲ್ಲ ಸರಿ ಕಂಡರೆ ಗಾಡಿಯನ್ನು ಒಂದು ಘಾಟಿ ಹತ್ತಿಸಿ ನೋಡಿ, ಆಮೇಲೆ ರೇಟಿನ ಮಾತು.