ಬಚ್ಚಲಿನ ಕಪ್ಪೆ, ಘಟ್ಟದ ನೆಂಟ

ಇದು ದೇವರಾಯನದುರ್ಗದ ದಾರಿ. ಹೊರಟಿದ್ದು ಪೊದೆಗಪ್ಪೆ ಹುಡುಕಿಕೊಂಡು. ಸಿಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಈ ಟಾರ್ಚ್ ನೋಡಿ. 850 ರೂಪಾಯಿ! ಪೊದೆಯೊಳಗೆ ಬೆಳಕು ಬಿಡೋಣ ಅಂತ ತುಮಕೂರಿನ ಒಂದು ಅಂಗಡಿಯಲ್ಲಿ ತಗೊಂಡೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ವಾಟರ್‌ಪ್ರೂಫ್ ಅಂತಿದೆ. ಹತ್ತು ನಿಮಿಷ ತುಂತುರು ಬಿತ್ತು, ಆರಿಹೋಯಿತು. ವಾಪಸ್ ಕೊಡೋಕೆ ಹೋದರೆ ಅಂಗಡಿಯವರು ಬಿಚ್ಚಿ ನೋಡಿ, 'ಒಳಗೆ ನೀರು ಹೋಗಿದೆ ಸಾರ್, ಗ್ಯಾರಂಟಿ ಬರಲ್ಲ' ಅಂದರು. ನೀರು ಹೋಗಿದ್ದೇ ನನ್ನ ತಕರಾರು ಅಲ್ವಾ! 'ಮಳೆಯಲ್ಲಿ ಯಾಕೆ ತೆಗೆದ್ರಿ' ಅಂತ ಬೇರೆ ಕೇಳಿದರು. ಕಪ್ಪೆ ನೋಡೋಕೆ ಏಪ್ರಿಲ್ ಬಿಸಿಲಲ್ಲಿ ಹೋಗಬೇಕಿತ್ತಾ? ಆ ದುಡ್ಡಿಗೆ ಕ್ಯಾತ್ಸಂದ್ರದಲ್ಲಿ ವಾರಪೂರ್ತಿ ತಟ್ಟೆ ಇಡ್ಲಿ ತಿನ್ನಬಹುದಿತ್ತು.

ಸರಿ, ಕಪ್ಪೆ. ನಾನು ಹುಡುಕುತ್ತಿದ್ದ ಜಾತಿಯ ಹೆಸರು ರಾವೋರ್ಕೆಸ್ಟಿಸ್ ಚಾರಿಯಸ್. ಹೆಬ್ಬೆರಳ ತುದಿಯಷ್ಟೇ ಇರುತ್ತದೆ. 1937ರಲ್ಲಿ ಇದನ್ನು ಫಿಲಾಟಸ್ ಅನ್ನೋ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ಸೇರಿಸಿದ್ದರು. 2010ರಲ್ಲಿ ಕಪ್ಪೆ ವಿಜ್ಞಾನಿ ಬಿಜು ಮತ್ತು ಜೊತೆಗಾರರು ಇಂಥ ಕಪ್ಪೆಗಳಿಗೆ ರಾವೋರ್ಕೆಸ್ಟಿಸ್ ಅನ್ನೋ ಹೊಸ ಕುಲ ಮಾಡಿದರು. ಇವರಿಗೆ ಬೇರೆ ಕೆಲಸ ಇಲ್ವಾ, ಸುಮ್ನೆ ಹೆಸರು ಬದಲಾಯಿಸುತ್ತಾರೆ ಅಂತ ಬೈದಿದ್ದೆ. ಆಮೇಲೆ ಗೊತ್ತಾಯಿತು, ಆ 'ರಾವ್' ಅಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಸಿ. ಆರ್. ನಾರಾಯಣ ರಾವ್. ಚಾರಿಯಸ್‌ಗೆ ಹೆಸರಿಟ್ಟವರೂ ಅವರೇ. ಬಾಯಿ ಮುಚ್ಚಿಕೊಂಡೆ.

ಆದರೆ ಚಾರಿಯಸ್ ಚಿಕ್ಕಮಗಳೂರು, ಕುದುರೆಮುಖದ ಕಡೆಯ ಘಟ್ಟದ ಕಪ್ಪೆ. ಇದರ ಬಳಗಕ್ಕೆ ಗೊದಮೊಟ್ಟೆಯ ಕಾಟವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಕೆರೆ ಬೇಡ, ಹೊಂಡ ಬೇಡ. ಹಾಗಿದ್ದರೆ ಎಲ್ಲಿ ಬೇಕಾದರೂ ಬದುಕಬಹುದಲ್ಲ ಅಂದುಕೊಂಡಿದ್ದೆ. ಉಲ್ಟಾ! ನೀರಿನಲ್ಲಿ ಇಡದ ಮೊಟ್ಟೆ ಒಣಗಬಾರದು, ಅಂದರೆ ಸುತ್ತಲಿನ ಎಲೆ, ಮಣ್ಣು ಸದಾ ತೇವ ಇರಬೇಕು. ನಮ್ಮ ಒಣ ಕುರುಚಲು ಕಾಡಿನಲ್ಲಿ ಅದನ್ನು ಹುಡುಕಿದ್ದು ನನ್ನ ದಡ್ಡತನ.

ಇದು ದೊಡ್ಡಮ್ಮನ ಮನೆ ಬಚ್ಚಲು. ಗೋಡೆಗೆ ಒಂದು ಮರಗಪ್ಪೆ ಅಂಟಿಕೊಂಡಿದೆ ನೋಡಿ, ಬೆರಳ ತುದಿಯಲ್ಲಿ ಅಂಗಿ ಗುಂಡಿಯಂಥ ಅಂಟುವ ಬಿಲ್ಲೆ. ಜಾತಿಯ ಹೆಸರು ಪಾಲಿಪೆಡೇಟಿಸ್ ಮ್ಯಾಕುಲೇಟಸ್. ಪೊದೆಗಪ್ಪೆಯದೇ ಕುಟುಂಬ, ರಾಕೊಫೊರಿಡೆ. ಇದು ತೊಟ್ಟಿಯ ನೀರಿನ ಮೇಲ್ಗಡೆ ನೊರೆಗೂಡು ಕಟ್ಟುತ್ತದೆ, ಗೊದಮೊಟ್ಟೆಗಳು ಕೆಳಗೆ ಉದುರುತ್ತವೆ. ಗೂಡಿನ ನೊರೆಯೇ ಮೊಟ್ಟೆಗೆ ತೇವ. ಅದಕ್ಕೇ ತುಮಕೂರಲ್ಲೂ ಇದೆ, ಶ್ರೀಲಂಕಾದಲ್ಲೂ ಇದೆ. ದಿನಾ ನೋಡುವ ಕಪ್ಪೆ ಅಂತ ಇಷ್ಟು ವರ್ಷ ಇದರ ಕಡೆ ಕ್ಯಾಮೆರಾ ತಿರುಗಿಸಿರಲಿಲ್ಲ... ದೊಡ್ಡಮ್ಮಾ, ಪೊರಕೆ ಕೆಳಗಿಡು! ಅಯ್ಯೋ, ಹಾರಿತು. ಬಕೆಟ್ ಹಿಂದೆ ಹೋಯಿತು, ಅಷ್ಟೇ ಈ ಶಾಟ್.