ಕಿವಿಗೂ ಕಂಪ್ಯೂಟರಿಗೂ ನಡುವಿನ ಬಾನುಲಿ

ಕೇಳುಗರಿಗೆ ನಮಸ್ಕಾರ.

1927ರ ಜುಲೈ 23ರಂದು ಮುಂಬಯಿಯ ಬಾನುಲಿ ಕೇಂದ್ರ ಉದ್ಘಾಟನೆಯಾದಾಗ ಪೆಟ್ಟಿಗೆಯಿದ್ದವರೆಲ್ಲ ಗುಂಡಿ ತಿರುಗಿಸಿ ಅದನ್ನು ಕೇಳಬಹುದಾಗಿತ್ತು. ಇಂದು ನಾವು ಕಂಪ್ಯೂಟರಿಗೆ ತಂತಿಯಿಲ್ಲದೆ ಜೋಡಿಸುವ ಬ್ಲೂಟೂತ್ ಹೆಡ್‌ಫೋನ್ ಮತ್ತು ಸ್ಪೀಕರ್‌ಗಳೂ ಪುಟ್ಟ ಬಾನುಲಿಗಳೇ. ಆದರೆ ಇವು ಗುರುತಿಲ್ಲದವರೊಡನೆ ಮಾತನಾಡುವುದಿಲ್ಲ. ಮೊದಲ ಸಲ ಜೋಡಣೆಯಾಗುವಾಗ ಕಂಪ್ಯೂಟರೂ ಹೆಡ್‌ಫೋನೂ ಒಂದು ಗುಪ್ತ ಕೀಲಿಯನ್ನು ಸಿದ್ಧಪಡಿಸಿಕೊಂಡು ತಮ್ಮ ತಮ್ಮ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ, ಮತ್ತು ಮುಂದಿನ ಪ್ರತಿ ಸಂಪರ್ಕವೂ ಆ ಕೀಲಿ ತಾಳೆಯಾದ ಬಳಿಕವೇ ನಡೆಯುತ್ತದೆ. ‘ಕೆಟ್ಟುಹೋಗಿದೆ’ ಎಂದು ನಾವು ಭಾವಿಸುವ ಎಷ್ಟೋ ಹೆಡ್‌ಫೋನ್‌ಗಳು ಈ ಗುರುತಿನ ಗೊಂದಲದಲ್ಲಿ ಸಿಲುಕಿರುತ್ತವೆ, ಅಷ್ಟೆ.

ಡೊಂಬಿವಲಿಯಲ್ಲಿ ನಮ್ಮ ಕಟ್ಟಡದಲ್ಲಿರುವ ಕುಂದಾಪುರದ ಕಡೆಯ ಹಿರಿಯರೊಬ್ಬರು ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ತಾಳಮದ್ದಲೆ ಕೇಳುತ್ತಾರೆ. ಒಂದು ದಿನ ಅವರು “ಮಾರಾಯ್ರೆ, ಇದು ಹಾಳಾಯ್ತು ಕಾಣಿ” ಎಂದು ಹೆಡ್‌ಫೋನನ್ನು ನನ್ನ ಕೈಗಿತ್ತರು. ಹಗಲಿನಲ್ಲಿ ಮೊಮ್ಮಗ ಅದನ್ನು ತನ್ನ ಮೊಬೈಲಿಗೆ ಜೋಡಿಸಿಕೊಂಡಿದ್ದ. ಇಂಥ ಉಪಕರಣಗಳು ಸಾಮಾನ್ಯವಾಗಿ ಚಾಲೂ ಆದ ಕೂಡಲೇ ಕೊನೆಯ ಬಾರಿ ಕೂಡಿಕೊಂಡಿದ್ದವರನ್ನೇ ಹುಡುಕುವುದರಿಂದ, ಅದು ಪಕ್ಕದ ಕೋಣೆಯ ಮೊಬೈಲಿಗೆ ಅಂಟಿಕೊಂಡು ಕುಳಿತಿತ್ತು. ಮೊಬೈಲಿನ ಬ್ಲೂಟೂತ್ ಆಫ್ ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ಆತುರಪಟ್ಟು ಹೆಡ್‌ಫೋನಿನ ಗುಂಡಿಯನ್ನು ಒತ್ತಿ ಹಿಡಿದು ಅದರ ನೆನಪನ್ನೇ ಅಳಿಸಿಬಿಟ್ಟೆ. ಆಮೇಲೆ ಕಂಪ್ಯೂಟರ್ ‘ಜೋಡಣೆಯಾಗಿದೆ’ ಎಂದು ತೋರಿಸುತ್ತಲೇ ಇತ್ತು, ಸಂಪರ್ಕ ಮಾತ್ರ ಆಗಲಿಲ್ಲ. ಒಂದು ಕಡೆ ಕೀಲಿ ಉಳಿದು ಇನ್ನೊಂದು ಕಡೆ ಅಳಿದಿತ್ತು. ಕಂಪ್ಯೂಟರಿನ ಪಟ್ಟಿಯಿಂದಲೂ ಅದರ ಹೆಸರನ್ನು ತೆಗೆದುಹಾಕಿ ಹೊಸದಾಗಿ ಜೋಡಿಸಿದ ಮೇಲೆಯೇ ಎಲ್ಲವೂ ಸರಿಹೋಯಿತು.

ಸಂಪರ್ಕವಿದ್ದೂ ಸದ್ದಿಲ್ಲದಿದ್ದರೆ, ಪರದೆಯ ಕೆಳಪಟ್ಟಿಯಲ್ಲಿರುವ ಸ್ಪೀಕರ್ ಚಿಹ್ನೆಯನ್ನು ಒತ್ತಿ, ಧ್ವನಿ ಯಾವ ಉಪಕರಣಕ್ಕೆ ಹೋಗುತ್ತಿದೆ ಎಂದು ನೋಡಬೇಕು. ಮೀಟಿಂಗ್ ಆ್ಯಪ್‌ಗಳ ಒಳಗೆ ಬೇರೆಯದೇ ಆಯ್ಕೆ ಇರುವುದನ್ನೂ ಮರೆಯಬಾರದು.

ಹೆಚ್ಚು ಜನರನ್ನು ಕಂಗೆಡಿಸುವುದು ಇನ್ನೊಂದು ತೊಂದರೆ: ಅಲ್ಲಿಯವರೆಗೆ ಇಂಪಾಗಿದ್ದ ಧ್ವನಿ ಇದ್ದಕ್ಕಿದ್ದಂತೆ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳತೊಡಗುತ್ತದೆ. ಬ್ಲೂಟೂತ್‌ನಲ್ಲಿ ಸಂಗೀತಕ್ಕೊಂದು, ಮಾತುಕತೆಗೊಂದು ಎಂದು ಎರಡು ಪ್ರತ್ಯೇಕ ವಿಧಾನಗಳಿವೆ. ಮೊದಲನೆಯದರಲ್ಲಿ ಧ್ವನಿ ಕಂಪ್ಯೂಟರಿನಿಂದ ಕಿವಿಯ ಕಡೆಗೆ ಮಾತ್ರ ಹರಿಯುವುದರಿಂದ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ, ಉತ್ತಮ ಗುಣಮಟ್ಟದಲ್ಲಿ ಕೇಳಿಸುತ್ತದೆ. ಯಾವುದಾದರೂ ಆ್ಯಪ್ ಹೆಡ್‌ಫೋನಿನ ಮೈಕನ್ನು ತೆರೆದ ಕ್ಷಣ ಸಂಪರ್ಕವು ಎರಡನೆಯ ವಿಧಾನಕ್ಕೆ ಬದಲಾಗಿ ಗುಣಮಟ್ಟ ಇಳಿಯುತ್ತದೆ. ಸಿ.ಡಿ.ಯಲ್ಲಿ ಧ್ವನಿಯನ್ನು ಅಳೆದು ದಾಖಲಿಸಿದ ಮಾದರಿಗಳು ಸೆಕೆಂಡಿಗೆ 44,100 ಇದ್ದರೆ, ಹಳೆಯ ಮಾತುಕತೆ ವಿಧಾನದಲ್ಲಿ 8,000 ಅಥವಾ 16,000 ಮಾತ್ರ. ಚೆಂಡೆಯ ನಾದ ಅಲ್ಲಿ ಉಳಿಯುವುದಾದರೂ ಹೇಗೆ? ಮೀಟಿಂಗ್ ಆ್ಯಪನ್ನು ಪೂರ್ತಿ ಮುಚ್ಚುವುದು, ಇಲ್ಲವೇ ಮೈಕ್ ಎಂದು ಲ್ಯಾಪ್‌ಟಾಪಿನದನ್ನೇ ಆರಿಸಿಕೊಂಡು ಹೆಡ್‌ಫೋನನ್ನು ಕೇಳುವುದಕ್ಕಷ್ಟೇ ಬಿಡುವುದು ಇದಕ್ಕೆ ಪರಿಹಾರ. ಇದಕ್ಕಾಗಿ ಹೊಸ ಹೆಡ್‌ಫೋನ್ ಕೊಂಡವರನ್ನೂ ನಾನು ಕಂಡಿದ್ದೇನೆ. ಅವರ ದುಡ್ಡು ವ್ಯರ್ಥವಾಯಿತು.

ಧ್ವನಿ ತುಂಡುತುಂಡಾಗಿ ಬರುತ್ತಿದ್ದರೆ ಮನೆಯ ಗಾಳಿಯನ್ನು ಶಂಕಿಸಬೇಕು. ಬ್ಲೂಟೂತ್ ಕೆಲಸ ಮಾಡುವುದು 2402ರಿಂದ 2480 ಮೆಗಾಹರ್ಟ್ಸ್ ನಡುವೆ. ಸಾಮಾನ್ಯ ಹೆಡ್‌ಫೋನುಗಳು ಬಳಸುವ ವಿಧಾನದಲ್ಲಿ ಅದು ಅಲ್ಲಿರುವ 79 ದಾರಿಗಳಲ್ಲಿ ಸೆಕೆಂಡಿಗೆ 1600 ಸಲ ಜಿಗಿಯುತ್ತ, ಗದ್ದಲವಿರುವ ದಾರಿಗಳನ್ನು ತಪ್ಪಿಸಿಕೊಂಡು ಸಾಗುತ್ತದೆ. ವೈ-ಫೈ ರೂಟರಿನ 2.4 ಗಿಗಾಹರ್ಟ್ಸ್ ಅಲೆಗಳೂ ಮೈಕ್ರೋವೇವ್ ಒಲೆಯ ಸೋರಿಕೆಯೂ ಇದೇ ಜಾಗದಲ್ಲಿವೆ. ಮುಂಬಯಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಮೊಬೈಲ್ ತೆರೆದರೆ ನೆರೆಹೊರೆಯವರ ವೈ-ಫೈ ಹೆಸರುಗಳು ಕಟ್ಟಡದ ನಾಮಫಲಕದಂತೆ ಸಾಲಾಗಿ ಕಾಣುತ್ತವೆ. ತಪ್ಪಿಸಿಕೊಳ್ಳಲು ದಾರಿಯೇ ಉಳಿಯದಿದ್ದಾಗ ಧ್ವನಿ ಮುಗ್ಗರಿಸುತ್ತದೆ. ನಮ್ಮ ಮನೆಯ ವೈ-ಫೈಯನ್ನಾದರೂ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಂಡರೆ ಸಾಕಷ್ಟು ಹಗುರವಾಗುತ್ತದೆ. ಮೇಜಿನ ಕಂಪ್ಯೂಟರಿನ ಹಿಂಬದಿಗೆ ಬ್ಲೂಟೂತ್ ಡಾಂಗಲ್ ಎಂಬ ಪುಟ್ಟ ಸಾಧನವನ್ನು ಸಿಕ್ಕಿಸಿದವರು ಇನ್ನೊಂದನ್ನು ಗಮನಿಸಬೇಕು: ಯುಎಸ್‌ಬಿ 3 ಕಿಂಡಿಗೆ ಹಾಕಿದ ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ಕೂಡ ಇದೇ ತರಂಗಾಂತರದಲ್ಲಿ ಗದ್ದಲ ಹೊಮ್ಮಿಸಬಲ್ಲವು, ಜೊತೆಗೆ ಲೋಹದ ಪೆಟ್ಟಿಗೆ ಅಲೆಗಳಿಗೆ ಅಡ್ಡ ನಿಲ್ಲುತ್ತದೆ. ಡಾಂಗಲನ್ನು ಒಂದು ಮೊಳದ ಯುಎಸ್‌ಬಿ ತಂತಿಯ ತುದಿಗೆ ಹಾಕಿ ಮೇಜಿನ ಮೇಲೆ ತಂದಿಟ್ಟರೆ ವ್ಯತ್ಯಾಸ ಆಗಲೇ ತಿಳಿಯುತ್ತದೆ.

ಬ್ಲೂಟೂತ್ ಗುಂಡಿಯೇ ಪರದೆಯಿಂದ ಮಾಯವಾಗಿದ್ದರೆ ‘ಶಟ್ ಡೌನ್’ ಮಾಡದೆ ‘ರೀಸ್ಟಾರ್ಟ್’ ಮಾಡಿ ನೋಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಬೇಗ ಏಳಿಸುವ ಸೌಲಭ್ಯ ಚಾಲ್ತಿಯಲ್ಲಿದ್ದರೆ ಶಟ್ ಡೌನ್ ಮಾಡಿದರೂ ವ್ಯವಸ್ಥೆ ಪೂರ್ತಿ ಹೊಸದಾಗಿ ಏಳುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ ಡ್ರೈವರ್, ಅಂದರೆ ಬ್ಲೂಟೂತನ್ನು ನಡೆಸುವ ತಂತ್ರಾಂಶ, ತಂದು ಹಾಕಬೇಕು.

ನಮ್ಮ ಹಿರಿಯರು ಕಳೆದ ವಾರ ಮತ್ತೆ ಬಂದಿದ್ದರು. ಈ ಬಾರಿ ಅವರು ನೋಡುತ್ತಿದ್ದುದು ಬಯಲಾಟ. ಕೋಲು ಚೆಂಡೆಗೆ ಬಿದ್ದು ತುಸು ಹೊತ್ತಾದ ಮೇಲೆ ಪೆಟ್ಟು ಕೇಳಿಸುತ್ತದೆ ಎಂಬುದು ದೂರು. ಧ್ವನಿಯನ್ನು ಸಂಕುಚಿಸಿ, ಕಳುಹಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಕೊಂಚ ಸಮಯ ಹಿಡಿಯುತ್ತದೆ. ಕೆಲವು ಪ್ಲೇಯರ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸುತ್ತವೆ, ಕೆಲವು ಹೊಂದಿಸುವುದಿಲ್ಲ. ಪ್ಲೇಯರ್ ಬದಲಿಸೋಣವೇ ಎಂದು ಕೇಳಿದೆ. ಅವರು ಹೆಡ್‌ಫೋನಿನ ಡಬ್ಬದಲ್ಲಿ ಬಂದಿದ್ದ ತಂತಿಯನ್ನು ಹುಡುಕಿ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು.

ನಮಸ್ಕಾರ.